ಮೊದಲು ಕೊಟ್ಟು ಆಮೇಲೆ ಕೇಳಿದವರು



ಹಾವೇರಿ ಜಿಲ್ಲೆಯ ಸಹೋದರಿಯೊಬ್ಬರು ಕಳೆದ ತಿಂಗಳು ನಮಗೊಂದು ಪತ್ರ ಬರೆದಿದ್ದಾರೆ. ಅವರ ಮನೆಯ ಹಳೆಯ ಕಂಪ್ಯೂಟರಿನಲ್ಲಿ, ದೊಡ್ಡ ಕಡತಗಳನ್ನು ಅಡಕಗೊಳಿಸುವ ವಿನ್‌ರಾರ್ ಎಂಬ ಚಿಕ್ಕ ತಂತ್ರಾಂಶವೊಂದಿದೆಯಂತೆ. ಪರೀಕ್ಷಾರ್ಥ ಬಳಕೆಯ 40 ದಿನಗಳು ಮುಗಿದಿವೆ, ಖರೀದಿಸಿರಿ ಎಂಬ ಅರ್ಥದ ಸೂಚನೆ ಅದನ್ನು ತೆರೆದಾಗಲೆಲ್ಲ ಮೂಡುತ್ತದೆ. ಕಾಲೇಜಿನಲ್ಲಿ ಓದುವ ಮಗ ಆ ಸೂಚನೆಯನ್ನು ಮುಚ್ಚಿ ಕೆಲಸ ಮುಂದುವರಿಸುತ್ತಾನೆ. ತಂತ್ರಾಂಶವೂ ತಕರಾರಿಲ್ಲದೆ ನಡೆಯುತ್ತದೆ. "ಬೀಗವನ್ನೇ ಹಾಕಿಲ್ಲವೆಂದ ಮೇಲೆ ಒಳಗೆ ಹೋದರೆ ತಪ್ಪೇನವ್ವಾ?" ಎಂಬುದು ಮಗನ ವಾದ. ಇದು ಕಳವೋ ಅಲ್ಲವೋ ತಿಳಿಸಬೇಕು ಎಂಬುದು ತಾಯಿಯ ಕೋರಿಕೆ.

ಪ್ರಶ್ನೆ ಚಿಕ್ಕದೆಂದು ಬದಿಗಿರಿಸಲು ನಮಗೆ ಮನಸ್ಸಾಗಲಿಲ್ಲ. ಇದಕ್ಕೆ ಉತ್ತರ ಹೇಳುವ ಯೋಗ್ಯತೆ ನಮಗಿದೆಯೇ ಎಂಬ ಸಂಕೋಚವೂ ಕಾಡಿತು. ಅದರ ಕಾರಣವನ್ನು ಮುಂದೆ ನಿವೇದಿಸುತ್ತೇವೆ. ಸರಕನ್ನು ಮೊದಲು ಕೈಗಿತ್ತು ಬೆಲೆಯನ್ನು ಆಮೇಲೆ ಕೇಳುವ ಈ ಪದ್ಧತಿ ಎಲ್ಲಿ ಹುಟ್ಟಿತೆಂಬುದನ್ನು ಮೊದಲು ನೋಡೋಣ.

1981ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಇಂದು ಮಕ್ಕಳ ಕೈಯಲ್ಲಿರುವ ಮೊಬೈಲಿಗೆ ಹೋಲಿಸಿದರೆ ಅದು ತೀರ ಬಡ ಯಂತ್ರ. ಐದೂಕಾಲು ಅಂಗುಲದ ಮೆತ್ತನೆಯ ಫ್ಲಾಪಿಯೇ ಅದರ ಕಣಜ. ಮೊದಮೊದಲು ಅಂಥದೊಂದು ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದು 160 ಕಿಲೋಬೈಟ್ ಮಾತ್ರ. ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೂ ಅಷ್ಟು ಸ್ಥಳ ಸಾಲದು. ಅದರಲ್ಲಿ ಕೆಲಸ ಮಾಡುವ ತಂತ್ರಾಂಶಗಳಿಗೋ ನೂರಾರು ಡಾಲರ್ ಬೆಲೆ. ನಕಲು ಮಾಡಲು ಬಾರದಂತೆ ಕೆಲವರು ಅವಕ್ಕೆ ಗುಪ್ತ ತಡೆಗಳನ್ನೂ ಒಡ್ಡುತ್ತಿದ್ದರು.

ಆ ಕಾಲದಲ್ಲಿ ಸಿಯಾಟಲ್ ನಗರದ ಪ್ರದೇಶದಲ್ಲಿ ಐಬಿಎಂ ಸಂಸ್ಥೆಯ ನೌಕರರಾಗಿದ್ದವರು ಜಿಮ್ ಕ್ನಾಫ್. ಜರ್ಮನ್ ಭಾಷೆಯಲ್ಲಿ ಕ್ನಾಫ್ ಎಂದರೆ ಅಂಗಿಯ ಗುಂಡಿ; ಆದ್ದರಿಂದ ಅವರು ಜಿಮ್ ಬಟನ್ ಎಂಬ ಹೆಸರಿನಿಂದಲೇ ಪ್ರಸಿದ್ಧರಾದರು. ಸ್ಥಳೀಯ ಚರ್ಚಿನ ಸದಸ್ಯರಿಗೆ ಕಳುಹಿಸುವ ಪತ್ರಗಳಿಗಾಗಿ ವಿಳಾಸದ ಚೀಟಿಗಳನ್ನು ಮುದ್ರಿಸಬೇಕಾಗಿತ್ತು. ಅದಕ್ಕೆಂದು ಅವರು ಬಿಡುವಿನ ವೇಳೆಯಲ್ಲಿ ಮನೆಯಲ್ಲಿಯೇ ಕುಳಿತು ಪುಟ್ಟ ತಂತ್ರಾಂಶವೊಂದನ್ನು ರಚಿಸಿದರು. ಮೊದಲು ತಮ್ಮಲ್ಲಿದ್ದ ಆಪಲ್ ಯಂತ್ರಕ್ಕೆ, ಬಳಿಕ ಐಬಿಎಂ ಯಂತ್ರಕ್ಕೆ. ಸಹೋದ್ಯೋಗಿಗಳು ಕೇಳಿದರು, ಕೊಟ್ಟರು. ಅವರಿಂದ ಇನ್ನೊಬ್ಬರಿಗೆ, ಇನ್ನೊಬ್ಬರಿಂದ ಮತ್ತೊಬ್ಬರಿಗೆ ಅದು ಹರಡಿತು.

ಇಲ್ಲಿ ತೊಡಕೊಂದು ಎದುರಾಯಿತು. ತಪ್ಪನ್ನು ತಿದ್ದಿದಾಗ, ಹೊಸ ಅನುಕೂಲವನ್ನು ಸೇರಿಸಿದಾಗ, ಅದನ್ನು ಬಳಸುವವರಿಗೆ ತಿಳಿಸಬೇಕಲ್ಲವೆ? ಎಲ್ಲರಿಗೂ ಅಂಚೆಯಲ್ಲಿ ಕಳುಹಿಸುವುದು ದುಬಾರಿಯ ಕೆಲಸ. ನಿಜವಾಗಿ ಬೇಕಾದವರು ಯಾರು, ಸುಮ್ಮನೆ ಇರಿಸಿಕೊಂಡವರು ಯಾರು ಎಂಬುದೂ ತಿಳಿಯದು. ಆಗ ಅವರು ತಂತ್ರಾಂಶದೊಳಗೆ ಒಂದು ವಿನಂತಿಯನ್ನು ಸೇರಿಸಿದರು. ಇದನ್ನು ಬಳಸಿರಿ, ಇತರರಿಗೂ ಹಂಚಿರಿ. ಸುಧಾರಣೆಗಳ ಸುದ್ದಿ ಬೇಕಾದವರು ಖರ್ಚಿನ ಸಲುವಾಗಿ 10 ಡಾಲರ್ ಕಳುಹಿಸಿರಿ ಎಂಬುದು ಅದರ ತಾತ್ಪರ್ಯ. ಯಾರಾದರೂ ಹಣ ಕಳುಹಿಸಿಯಾರೆಂದು ಅವರ ಪತ್ನಿಯೇ ನಂಬಿರಲಿಲ್ಲವಂತೆ.

ಅದೇ 1982ರಲ್ಲಿ ಕ್ಯಾಲಿಫೋರ್ನಿಯಾದ ಆಂಡ್ರ್ಯೂ ಫ್ಲೂಗಲ್‌ಮನ್ ಎಂಬುವರೂ ಇಂಥದೇ ಪ್ರಯೋಗಕ್ಕೆ ಕೈಹಾಕಿದ್ದರು. ದೂರವಾಣಿ ತಂತಿಯ ಮೂಲಕ ಎರಡು ಕಂಪ್ಯೂಟರುಗಳನ್ನು ಜೋಡಿಸುವ ಅವರ ಪಿಸಿ-ಟಾಕ್ ಎಂಬ ತಂತ್ರಾಂಶದಲ್ಲಿಯೂ ಅಂಥ ಕೋರಿಕೆಯಿತ್ತು. ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿದದ್ದು ಬಳಕೆದಾರರೊಬ್ಬರ ಮೂಲಕ. ಇಬ್ಬರೂ ಪತ್ರವ್ಯವಹಾರ ಮಾಡಿ, ಪರಸ್ಪರರ ಕೃತಿಯನ್ನು ಹೊಗಳಿ ಹಂಚಲು ಒಪ್ಪಿಕೊಂಡರು. ಬಟನ್ ಅವರು ತಮ್ಮ ತಂತ್ರಾಂಶಕ್ಕೆ ಪಿಸಿ-ಫೈಲ್ ಎಂಬ ಜೊತೆಗೊಪ್ಪುವ ಹೆಸರಿಟ್ಟು, ಕೋರಿಕೆಯ ಮೊತ್ತವನ್ನು ಫ್ಲೂಗಲ್‌ಮನ್ ಅವರಂತೆ 25 ಡಾಲರಿಗೆ ಏರಿಸಿದರು.

1983ರಲ್ಲಿ ಪತ್ರಿಕೆಯೊಂದು ಪಿಸಿ-ಫೈಲನ್ನು ಮೆಚ್ಚಿ ಬರೆದಾಗ ಬಟನ್ ಕುಟುಂಬ ಹವಾಯಿ ದ್ವೀಪಕ್ಕೆ ಪ್ರವಾಸ ಹೋಗಿತ್ತು. ಮನೆ ನೋಡಿಕೊಳ್ಳುತ್ತಿದ್ದವರು ದಿನದಿನವೂ ಬಂದ ಅಂಚೆಯನ್ನು ಚೀಲಗಳಲ್ಲಿ ತುಂಬಿ ಹೊತ್ತು ತರಬೇಕಾಯಿತು. 1984ರಲ್ಲಿ ಅವರು ಐಬಿಎಂ ನೌಕರಿಯನ್ನು ಬಿಟ್ಟು ಇದನ್ನೇ ಪೂರ್ಣಾವಧಿಯ ಉದ್ಯೋಗವಾಗಿ ಮಾಡಿಕೊಂಡರು. ಮೈಕ್ರೋಸಾಫ್ಟ್ ಸಂಸ್ಥೆಯ ಆರಂಭದ ನೌಕರರಲ್ಲೊಬ್ಬರಾದ ಬಾಬ್ ವಾಲೇಸ್ 1983ರಲ್ಲಿ ಪಿಸಿ-ರೈಟ್ ಎಂಬ ಬರವಣಿಗೆಯ ತಂತ್ರಾಂಶವನ್ನು ಇದೇ ರೀತಿ ಹಂಚಿ, ಶೇರ್‌ವೇರ್ ಎಂಬ ಹೆಸರನ್ನು ಬಳಕೆಗೆ ತಂದರು. ನೀವು ಹಂಚಿದ ಪ್ರತಿಯಿಂದ ಇನ್ನೊಬ್ಬರು ಹಣ ಕಟ್ಟಿ ನೋಂದಾಯಿಸಿಕೊಂಡರೆ ನಿಮಗೂ 25 ಡಾಲರ್ ಕೊಡುವೆನೆಂದು ಅವರು ಸಾರಿದರು. ಉಳಿದವರು ನಕಲು ಮಾಡುವವನನ್ನು ಕಳ್ಳನೆಂದು ಬಗೆಯುತ್ತಿದ್ದಾಗ, ಈ ಮೂವರು ಅವನನ್ನು ತಮ್ಮ ಪಾಲುದಾರನೆಂದು ಬಗೆದರು.

ಇನ್ನು ನಮ್ಮ ಸಂಕೋಚದ ಕಾರಣ. 1993ರಲ್ಲಿ ನಾವೊಂದು ಗ್ರಂಥಮಾಲೆಯ ಕಾರ್ಯಾಲಯವನ್ನು ನೋಡಿಕೊಳ್ಳುತ್ತಿದ್ದೆವು. ಸಾವಿರಕ್ಕೂ ಮಿಕ್ಕಿದ ಚಂದಾದಾರರ ವಿಳಾಸಗಳನ್ನು ಪ್ರತಿ ಸಲವೂ ಕೈಯಿಂದಲೇ ಬರೆಯಬೇಕಾಗಿತ್ತು. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ನಮ್ಮ ಕಷ್ಟವನ್ನು ಕಂಡು, ಯಾರಿಂದಲೋ ನಕಲು ಮಾಡಿಸಿದ ಫ್ಲಾಪಿಯೊಂದನ್ನು ತಂದುಕೊಟ್ಟ. ವಿಳಾಸಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ತುಂಬಿದರೆ ಸಾಕು, ಊರುವಾರು ಜೋಡಿಸಿ ಚೀಟಿಗಳನ್ನು ಮುದ್ರಿಸುತ್ತಿತ್ತು. ನಾಲ್ಕು ದಿನಗಳ ಕೆಲಸ ಒಂದು ಮಧ್ಯಾಹ್ನಕ್ಕೆ ಇಳಿಯಿತು.

ಆ ತಂತ್ರಾಂಶ ತೆರೆದೊಡನೆ ಮೊದಲ ಪರದೆಯಲ್ಲಿ ಅದನ್ನು ಬರೆದವರ ವಿನಂತಿ ಮೂಡುತ್ತಿತ್ತು. ಇದು ನಿಮಗೆ ಉಪಯುಕ್ತವೆನಿಸಿದರೆ 20 ಡಾಲರ್ ಕಳುಹಿಸಿರಿ ಎಂದು ಕೇಳಿ, ಅಮೆರಿಕದ ಯಾವುದೋ ಸಣ್ಣ ಊರಿನ ಮನೆಯ ವಿಳಾಸವನ್ನು ಕೊಟ್ಟಿದ್ದರು. ಅಂದಿನ ದರದಲ್ಲಿ ಅದು ಸುಮಾರು 620 ರೂಪಾಯಿ. ನಾವು ಒಂದು ಕೀಲಿಯನ್ನು ಒತ್ತಿ ಮುಂದೆ ಸಾಗುತ್ತಿದ್ದೆವು. ಆರು ವರ್ಷ ಹಾಗೆಯೇ ಒತ್ತಿದೆವು. ಡಾಲರ್ ಕಳುಹಿಸುವುದು ಆಗ ಸುಲಭವಲ್ಲ, 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಆ ಕಾರಣ ಸುಳ್ಳಲ್ಲ. ಆದರೆ ದಾರಿಯುಂಟೇ ಎಂದು ನಾವು ಒಮ್ಮೆಯೂ ವಿಚಾರಿಸಲಿಲ್ಲ. ಚೆನ್ನಾಗಿದೆಯೆಂದು ಒಂದು ಕಾಗದವನ್ನಾದರೂ ಬರೆಯಬಹುದಾಗಿತ್ತು. ಅದಕ್ಕೆ ಯಾವ ಕಾಯ್ದೆಯೂ ಅಡ್ಡಿಯಿರಲಿಲ್ಲ.

ಹೀಗೆ ಮಾಡಿದವರು ಎಂಥವರು? ಮಠದ ಪ್ರಸಾದ ನಿಲಯದಲ್ಲಿ ಹನ್ನೊಂದು ವರ್ಷ ಉಂಡು ಓದಿದವರು. ಅಲ್ಲಿ ಯಾರೂ ನಮಗೆ ಲೆಕ್ಕದ ಚೀಟಿ ಕೊಡಲಿಲ್ಲ. ಸುಗ್ಗಿಯಾದಾಗ ರೈತರು ಚಕ್ಕಡಿಯಲ್ಲಿ ಜೋಳ ತಂದು ಇಳಿಸುತ್ತಿದ್ದರು. ನೌಕರಿ ಹಿಡಿದ ಹಳೆಯ ವಿದ್ಯಾರ್ಥಿಗಳು ಮೊದಲ ಸಂಬಳದಲ್ಲಿ ಒಂದಿಷ್ಟನ್ನು ಕಳುಹಿಸುತ್ತಿದ್ದರು. ಕೇಳದಿದ್ದರೂ ಕೊಡಬೇಕೆಂಬುದನ್ನು ಆ ಪಂಕ್ತಿಯಲ್ಲಿ ಕುಳಿತು ಕಲಿತ ನಾವು, ಬಾಯಿಬಿಟ್ಟು ಕೇಳಿದವರಿಗೂ ಕೊಡಲಿಲ್ಲ. ಈಗ ಆ ಫ್ಲಾಪಿಯನ್ನು ಯಾವ ಯಂತ್ರವೂ ಓದದು. ಆ ಹೆಸರೂ ವಿಳಾಸವೂ ಅದರೊಳಗೇ ಉಳಿದುವು. ತೀರಿಸಬೇಕೆಂದರೂ ತೀರಿಸುವ ಬಗೆ ತಿಳಿಯದ ಸಾಲವಿದು.

ಸಹೋದರಿಯವರೆ, ಈಗ ತಮ್ಮ ಪ್ರಶ್ನೆಗೆ ಬರೋಣ. ಉಚಿತವಾಗಿ ದೊರೆಯುವುದೆಲ್ಲ ಸಾಲವಲ್ಲ. ಕೆಲವರು ಪೂರ್ಣ ಮನಸ್ಸಿನಿಂದ ಧರ್ಮಾರ್ಥವಾಗಿಯೇ ಕೊಡುತ್ತಾರೆ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ ತಂತ್ರಾಂಶವನ್ನು ಆರಂಭದ ವರ್ಷಗಳಲ್ಲಿ ಉಚಿತವಾಗಿಯೇ ನೀಡಿದರು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಎಷ್ಟೋ ಮಂದಿ ಕಲಿತದ್ದು ಅದರಿಂದ. ಮುಕ್ತ ತಂತ್ರಾಂಶಗಳಲ್ಲಿ ಬಳಸುವ, ಹಂಚುವ, ತಿದ್ದುವ ಹಕ್ಕನ್ನು ಪರವಾನಗಿಯೇ ಕೊಟ್ಟಿರುತ್ತದೆ. ಶೇರ್‌ವೇರ್ ಈ ಎರಡೂ ಅಲ್ಲ. ನೋಡಿರಿ, ಒಪ್ಪಿಗೆಯಾದರೆ ಬೆಲೆ ಕೊಡಿರಿ, ಇಲ್ಲವಾದರೆ ಬಿಡಿರಿ ಎಂಬುದು ಅದರ ಕರಾರು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯೂ 1984ರ ತಿದ್ದುಪಡಿಯಿಂದ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯಕೃತಿಗಳ ಸಾಲಿಗೆ ಸೇರಿಸಿದೆ.

ಆದುದರಿಂದ ತಮ್ಮ ಮಗ ಮೊದಲ 40 ದಿನ ಬಳಸಿದ್ದರಲ್ಲಿ ದೋಷವಿಲ್ಲ. ಆಮೇಲಿನದು ಬೀಗ ಮುರಿದ ಕಳವಲ್ಲದಿದ್ದರೂ, ಒಪ್ಪಿದೆನೆಂದು ಗುಂಡಿಯೊತ್ತಿ ಕೊಟ್ಟ ಮಾತನ್ನು ತಪ್ಪಿದಂತೆ. ದಾರಿಗಳು ಎರಡು: ಹಣ ಕೊಟ್ಟು ಕೊಳ್ಳುವುದು, ಇಲ್ಲವೆ ತೆಗೆದುಹಾಕುವುದು. ಹಣದ ಅಡಚಣೆಯಿದ್ದರೆ ಅದೇ ಕೆಲಸವನ್ನು ಮಾಡುವ 7-ಜಿಪ್ ಎಂಬ ಮುಕ್ತ ತಂತ್ರಾಂಶವಿದೆ. 1999ರಿಂದಲೂ ಉಚಿತವಾಗಿ ದೊರೆಯುತ್ತಿದೆ. ಅದನ್ನು ಹಾಕಿಕೊಳ್ಳಲಿ. ಮಗನನ್ನು ಗದರಿಸಬೇಡಿರಿ, ಈ ಪುಟವನ್ನು ಅವನ ಕೈಗೆ ಕೊಡಿರಿ. ನಾಳೆ ಅವನೇ ಒಂದು ತಂತ್ರಾಂಶ ಬರೆದು, ಜನರನ್ನು ನಂಬಿ ಬೀಗ ಹಾಕದೆ ಬಿಟ್ಟಾನು.

ನಾವೂ ಈಗ ಒಂದು ನಿಯಮವನ್ನು ಇಟ್ಟುಕೊಂಡಿದ್ದೇವೆ. ಹೊಸ ತಂತ್ರಾಂಶ ಬಂದರೆ ಮೊದಲ ಪರದೆಯನ್ನು ಪೂರ್ತಿ ಓದುತ್ತೇವೆ. ಕೇಳಿದ ಹಣವನ್ನು ತಿಂಗಳೊಳಗೆ ಕೊಡುತ್ತೇವೆ, ಇಲ್ಲವೆ ಅಳಿಸಿಬಿಡುತ್ತೇವೆ. ಇದರಿಂದ ಆ ಹಳೆಯ 20 ಡಾಲರ್ ತೀರಿತೆಂದು ನಾವು ತಿಳಿದಿಲ್ಲ. ಹೊಸ ಸಾಲವನ್ನು ಬೆಳೆಸುತ್ತಿಲ್ಲವೆಂಬುದಷ್ಟೇ ಸಮಾಧಾನ.