ಆಕಾಶದಿಂದ ಅಪ್ಪನ ಉಸಿರು ಕಾಣಿಸೋದಿಲ್ಲ

ನೀವೂ ಇದನ್ನ ಮಾಡಿರ್ತೀರಿ. ಭಾನುವಾರ ಊರಿಗೆ ವಿಡಿಯೋ ಕಾಲ್ ಮಾಡ್ತೀರಿ. ಅಪ್ಪ ಎರಡು ಸಲ ಕೆಮ್ಮುತ್ತಾರೆ. ನೀವು ಮಾತಾಡ್ತಾನೇ ಗಾಳಿಯ ಗುಣಮಟ್ಟ ತೋರಿಸುವ ಆ್ಯಪ್ ತೆರೆದು ಊರಿನ ಹೆಸರು ಹುಡುಕ್ತೀರಿ. ಹಸಿರು ಬಣ್ಣ, ಪಕ್ಕದಲ್ಲಿ ಒಂದು ಸಂಖ್ಯೆ. "ಏನಿಲ್ಲ ಅಪ್ಪ, ಗಾಳಿ ಚೆನ್ನಾಗೇ ಇದೆ, ವಾಕಿಂಗ್ ಬಿಡಬೇಡಿ" ಅಂತ ಹೇಳಿ ಫೋನ್ ಇಡ್ತೀರಿ.

ನಾನು ಎರಡು ಚಳಿಗಾಲ ಹಾಗೇ ಹೇಳಿದೆ. ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಸಣ್ಣ ಊರು. ಅಪ್ಪ ಬೆಳಿಗ್ಗೆ ನಡೆಯೋದು ಹೆದ್ದಾರಿ ಪಕ್ಕದಲ್ಲಿ. ಲಾರಿ ಹೊಗೆ, ರಸ್ತೆ ದೂಳು, ಯಾರೋ ಕಸದ ರಾಶಿಗೆ ಹಚ್ಚಿದ ಬೆಂಕಿ. ಕಳೆದ ಡಿಸೆಂಬರ್ ರಜೆಯಲ್ಲಿ ಅವರ ಜೊತೆ ನಾನೂ ನಡೆದೆ. ಮೂರನೇ ದಿನಕ್ಕೆ ನನ್ನ ಗಂಟಲು ಕಟ್ಟಿತು. ಫೋನ್ ತೆಗೆದು ನೋಡಿದರೆ ಅದೇ ಹಸಿರು. "ನಿನ್ನ ಫೋನಿಗೆ ಮೂಗಿಲ್ಲ ಕಣಪ್ಪ" ಅಂದರು ಅಪ್ಪ.

ನಾನು ಸ್ಟುಟ್‌ಗಾರ್ಟ್‌ನಲ್ಲಿ ಮಾಸ್ಟರ್ಸ್ ಓದಿ ಇಲ್ಲೇ ಡೇಟಾ ಸೈಂಟಿಸ್ಟ್ ಆಗಿರುವವನು. ಸಂಖ್ಯೆಗಳೇ ನನ್ನ ಅನ್ನ. ಆದರೂ ಆ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳುವ ಬುದ್ಧಿ ನನಗೆ ಎರಡು ವರ್ಷ ಬರಲಿಲ್ಲ. ಕೊನೆಗೆ ಹುಡುಕಿ ನೋಡಿದೆ. ನಮ್ಮೂರಲ್ಲಿ ಗಾಳಿ ಅಳೆಯುವ ಯಂತ್ರವೇ ಇಲ್ಲ. ಆ್ಯಪ್ ತೋರಿಸುತ್ತಿದ್ದದ್ದು ಉಪಗ್ರಹದ ಮಾಹಿತಿಯನ್ನೂ ಒಂದು ಕಂಪ್ಯೂಟರ್ ಮಾದರಿಯನ್ನೂ ಬೆರೆಸಿ ಮಾಡಿದ ಅಂದಾಜು. 'ಅಂದಾಜು' ಅನ್ನುವ ಪದ ಮಾತ್ರ ಪರದೆಯ ಮೇಲೆ ಎಲ್ಲೂ ಇರಲಿಲ್ಲ.

ನನ್ನ ತಕರಾರು ಇಷ್ಟು. ಉಪಗ್ರಹದಿಂದ ಗಾಳಿ ಅಳೆಯುವುದು ದೊಡ್ಡ ವಿಜ್ಞಾನ. ಆದರೆ ನೆಲದ ಮೇಲೆ ಇಡಬೇಕಾದ ಯಂತ್ರದ ಬದಲಿಗೆ ಆ ನಕ್ಷೆಯನ್ನೇ ತೋರಿಸಿ ಸುಮ್ಮನಾದರೆ ಅದು ಸಣ್ಣ ಊರಿನ ಜನಕ್ಕೆ ಮಾಡುವ ಮೋಸ. ಅದರಲ್ಲಿ ನಮ್ಮ ಪಾಲೂ ಇದೆ.

ಉಪಗ್ರಹ ನಿಜವಾಗಿ ಏನು ನೋಡುತ್ತೆ ಅಂತ ಮೊದಲು ತಿಳ್ಕೊಳ್ಳೋಣ. 1999ರಲ್ಲಿ ಹಾರಿದ ಟೆರ್ರಾ, 2002ರಲ್ಲಿ ಹಾರಿದ ಆಕ್ವಾ, ಇವೆರಡೂ ನಾಸಾ ಉಪಗ್ರಹಗಳು. ಸುಮಾರು 700 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ, ಗಾಳಿಯಲ್ಲಿರುವ ಕಣಗಳು ಸೂರ್ಯನ ಬೆಳಕನ್ನು ಎಷ್ಟು ಚದುರಿಸಿವೆ, ಎಷ್ಟು ಹೀರಿವೆ ಅಂತ ನೋಡುತ್ತವೆ. ಪಿಎಂ 2.5 ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳು, ಶ್ವಾಸಕೋಶದ ಆಳಕ್ಕೆ ಇಳಿಯುವಂಥವು. ಅವನ್ನು ಉಪಗ್ರಹ ನೇರವಾಗಿ ತೂಗೋದಿಲ್ಲ. ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯ ಕಂಬಕ್ಕೆ ಸೇರಿ ಒಂದು ಸಂಖ್ಯೆ ಕೊಡುತ್ತೆ. ಅಪ್ಪ ಉಸಿರಾಡೋದು ಆ ಕಂಬದ ಬುಡದ ಎರಡು ಮೀಟರ್ ಗಾಳಿಯನ್ನು. ಬಾವಿಯೊಳಗೆ ಇಣುಕಿ ನೀರು ಕೆಂಪಗಿದೆ ಅಂತ ಹೇಳಬಹುದು. ತಳದಲ್ಲಿ ಎಷ್ಟು ಹೂಳಿದೆ ಅಂತ ಹೇಳೋಕೆ ಇಳಿಯಲೇಬೇಕು.

ಕಂಬದಿಂದ ಬುಡಕ್ಕೆ ಬರುವ ದಾರಿಯನ್ನು ತೋರಿಸಿದವರಲ್ಲಿ ಆರನ್ ವಾನ್ ಡಾಂಕೆಲಾರ್ ಮತ್ತು ರ‍್ಯಾಂಡಲ್ ಮಾರ್ಟಿನ್ ಮುಖ್ಯರು. ಆಗ ಕೆನಡಾದ ಡಲ್ಹೌಸಿ ವಿಶ್ವವಿದ್ಯಾಲಯದಲ್ಲಿದ್ದರು. ಉಪಗ್ರಹದ ಸಂಖ್ಯೆಗೆ ವಾತಾವರಣದ ರಾಸಾಯನಿಕ ಮಾದರಿಯೊಂದನ್ನು ಸೇರಿಸಿ, ಇಡೀ ಭೂಮಿಯ ಪಿಎಂ 2.5 ನಕ್ಷೆಯನ್ನು 2010ರಲ್ಲಿ ಪ್ರಕಟಿಸಿದರು. ಅಲ್ಲಿವರೆಗೆ ಏಷ್ಯಾ, ಆಫ್ರಿಕಾದ ಬಹುಪಾಲು ಜಾಗ ಈ ಲೆಕ್ಕದಲ್ಲಿ ಖಾಲಿಯಾಗೇ ಇತ್ತು.

ಆಮೇಲೆ ಮಾರ್ಟಿನ್ ತಂಡ ಏನು ಮಾಡಿತು ಗೊತ್ತಾ? ನೆಲಕ್ಕೆ ಇಳಿಯಿತು. ಸ್ಪಾರ್ಟನ್ ಅನ್ನುವ ಜಾಲ ಕಟ್ಟಿ, ಹಲವು ದೇಶಗಳಲ್ಲಿ, ನಮ್ಮ ಕಾನ್ಪುರದ ಐಐಟಿಯಲ್ಲೂ ಸೇರಿ, ಗಾಳಿ ಹೀರಿ ಫಿಲ್ಟರ್‌ನಲ್ಲಿ ಹಿಡಿಯುವ ಉಪಕರಣ ಇಟ್ಟರು. ತಮ್ಮ ನಕ್ಷೆ ನೆಲದ ಮೇಲೆ ಎಷ್ಟು ನಿಜ ಅಂತ ಪರೀಕ್ಷೆ ಮಾಡೋಕೆ. ನಕ್ಷೆ ಮಾಡಿದವರಿಗೇ ನಕ್ಷೆ ಸಾಲಲಿಲ್ಲ. ಆ್ಯಪ್ ಮಾರುವವರಿಗೆ ಹೇಗೆ ಸಾಕಾಯ್ತು?

ನಾವು ಡೇಟಾ ಕೆಲಸದವರು ಇದಕ್ಕೆ ಉತ್ತರ ಕೊಡಬೇಕು. ಅಂದಾಜಿಗೆ ಹಿಂದೆ ಮುಂದೆ ಒಂದು ಅಂತರ ಇರುತ್ತೆ ಅಂತ ನಮಗೆ ಮೊದಲ ಸೆಮಿಸ್ಟರ್‌ನಲ್ಲೇ ಕಲಿಸಿದ್ದಾರೆ. ಆದರೆ ಆ ಅಂತರ ತೋರಿಸಿದರೆ ಪರದೆ ಚೆಂದ ಕಾಣೋದಿಲ್ಲ ಅಂತ ಅಳಿಸಿ ಬಿಡ್ತೀವಿ. ಬಣ್ಣ ಮಾತ್ರ ಉಳಿಯುತ್ತೆ.

ಉಪಗ್ರಹವನ್ನೇ ನಂಬಿದರೆ ಏನಾಗುತ್ತೆ ಅನ್ನೋದಕ್ಕೆ ಪಂಜಾಬ್, ಹರಿಯಾಣದ ಕಡೆ ನೋಡಿ. ಭತ್ತದ ಕೊಯ್ಲಾದ ಮೇಲೆ ಅಲ್ಲಿ ಕೂಳೆ ಸುಡ್ತಾರೆ. ಎಷ್ಟು ಬೆಂಕಿ ಬಿತ್ತು ಅಂತ ಎಣಿಸುವ ಮುಖ್ಯ ಉಪಗ್ರಹಗಳು ಆ ಹೊಲಗಳ ಮೇಲೆ ಹಾಯೋದು ಮಧ್ಯಾಹ್ನ ಒಂದೂವರೆ ಸುಮಾರಿಗೆ. ಬೆಂಕಿಯ ಎಣಿಕೆ ಇಳಿಯಿತು, ಎಲ್ಲರೂ ಬೆನ್ನು ತಟ್ಟಿಕೊಂಡರು. 2024ರಲ್ಲಿ ನಾಸಾದ ವಿಜ್ಞಾನಿ ಹಿರೇನ್ ಜೇತ್ವಾ, ಹಗಲಿಡೀ ಏಷ್ಯಾದ ಮೇಲೆ ಕಣ್ಣಿಟ್ಟಿರುವ ಕೊರಿಯಾದ ಉಪಗ್ರಹದ ಚಿತ್ರಗಳನ್ನು ನೋಡಿ ಬೇರೆಯೇ ಕಥೆ ಹೇಳಿದರು. ಬೆಂಕಿ ಹಚ್ಚುವ ಹೊತ್ತು ಸಂಜೆಯ ಕಡೆಗೆ ಸರಿದಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಅಂತಾರಲ್ಲ, ಇಲ್ಲಿ ಕಣ್ಣು ಮುಚ್ಚಿಕೊಂಡಿದ್ದವರು ಲೆಕ್ಕ ಹಾಕುವವರು.

"ಈಗ ಗಂಟೆಗೊಮ್ಮೆ ನೋಡುವ ಉಪಗ್ರಹಗಳು ಬಂದಿವೆಯಲ್ಲ?" ಅಂತ ನೀವು ಕೇಳಬಹುದು. ಬಂದಿವೆ. ಕೊರಿಯಾದ ಜೆಮ್ಸ್ 2020ರಲ್ಲಿ, ಉತ್ತರ ಅಮೆರಿಕದ ಮೇಲೆ ಟೆಂಪೋ 2023ರಲ್ಲಿ, ಯುರೋಪಿನ ಮೇಲೆ ಸೆಂಟಿನೆಲ್-4 2025ರಲ್ಲಿ. ಒಳ್ಳೇದೇ. ಆದರೆ ಇವಕ್ಕೂ ಸೂರ್ಯನ ಬೆಳಕೇ ಬೇಕು. ರಾತ್ರಿ ಕಾಣೋದಿಲ್ಲ, ದಟ್ಟ ಮೋಡದ ಕೆಳಗೆ ಕಾಣೋದಿಲ್ಲ. ಚಳಿಗಾಲದ ರಾತ್ರಿ ಹೊಗೆ ಮೇಲೇರದೆ ನೆಲದ ಹತ್ತಿರವೇ ಕೂರುತ್ತೆ. ಅಪ್ಪ ಬೆಳಗಿನ ಜಾವ ನಡೆಯೋದು ಅದೇ ಹೊಗೆಯಲ್ಲಿ.

ಈಗ ನಾನಿರುವ ಊರಿನ ಕಥೆ ಕೇಳಿ. ಸ್ಟುಟ್‌ಗಾರ್ಟ್‌ನ ನೆಕರ್‌ಟೋರ್ ಅನ್ನುವ ಕಡೆ, ಗಿಜಿಗುಡುವ ರಸ್ತೆಯ ಪಕ್ಕದಲ್ಲೇ ಒಂದು ಮಾಪನ ಕೇಂದ್ರ ಇದೆ. ನೈಟ್ರೋಜನ್ ಡೈಆಕ್ಸೈಡ್ ವರ್ಷದ ಸರಾಸರಿಯಲ್ಲಿ ಘನ ಮೀಟರ್‌ಗೆ 40 ಮೈಕ್ರೋಗ್ರಾಂ ಮೀರಬಾರದು ಅಂತ ಕಾನೂನು. ಇಲ್ಲಿ ವರ್ಷಾನುಗಟ್ಟಲೆ ಮೀರಿತು. ವಿಷಯ ಕೋರ್ಟಿಗೆ ಹೋಯಿತು. ಡೀಸೆಲ್ ಗಾಡಿಗಳನ್ನು ತಡೆಯಬಹುದು ಅಂತ 2018ರ ಫೆಬ್ರುವರಿಯಲ್ಲಿ ಲೈಪ್‌ಜಿಗ್‌ನ ಕೋರ್ಟ್ ಹೇಳಿತು. 2019ರ ಜನವರಿಯಿಂದ ಹಳೇ ಡೀಸೆಲ್ ಕಾರುಗಳಿಗೆ ಇಲ್ಲಿ ನಿರ್ಬಂಧ ಬಂತು, ಅದೂ ದೊಡ್ಡ ಕಾರ್ ಕಂಪನಿಗಳ ತವರಿನಲ್ಲಿ. ಯಂತ್ರ ತಪ್ಪು ಜಾಗದಲ್ಲಿದೆ ಅಂತ ವಾದ ಮಾಡಿದವರೂ ಇದ್ದರು. ಆ ವಾದ ಮಾಡೋಕಾದರೂ ಅಲ್ಲೊಂದು ಯಂತ್ರ ಇತ್ತು. ಇದೇ ಅನಿಲವನ್ನು ಅಳೆಯುವ ಯುರೋಪಿನ ಟ್ರೊಪೋಮಿ ಉಪಕರಣದ ಒಂದು ಚುಕ್ಕೆ ಸುಮಾರು 5.5 ಕಿಲೋಮೀಟರ್ ಉದ್ದ, 3.5 ಕಿಲೋಮೀಟರ್ ಅಗಲ. ಆ ಒಂದು ರಸ್ತೆ ಅದರೊಳಗೆ ಕರಗಿಹೋಗುತ್ತೆ.

ನಮ್ಮ ಕಡೆ ಏನು? 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದಿಂದ ಇರೋದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ನೆಲದ ಮೇಲಿನ ಕೇಂದ್ರಗಳಲ್ಲಿ ಅಳೆದು, ಮಿತಿ ಮೀರಿದ ನಗರಗಳನ್ನು ಗುರುತಿಸಿ ಮಾಡಿದ ಪಟ್ಟಿ ಅದು. ಯಂತ್ರವೇ ಇಲ್ಲದ ಊರು ಆ ಪಟ್ಟಿಗೆ ಸೇರೋದು ಹೇಗೆ? ಅಳೆಯಲಿಲ್ಲ, ಹಾಗಾಗಿ ಮಾಲಿನ್ಯ ಇಲ್ಲ. ಮಾಲಿನ್ಯ ಇಲ್ಲ, ಹಾಗಾಗಿ ಅಳೆಯೋದು ಬೇಡ.

ಈ ಸುತ್ತಿನಿಂದ ಹೊರಬರೋಕೆ ಉಪಗ್ರಹ ನಿಜವಾಗಿ ಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದ ವಾತಾವರಣ ವಿಜ್ಞಾನಿ ಎ.ಆರ್. ರವಿಶಂಕರ ಮತ್ತು ಸಂಗಡಿಗರು 2020ರಲ್ಲಿ ಉಪಗ್ರಹದ ಮಾಹಿತಿ ಬಳಸಿ, ಭಾರತದಲ್ಲಿ ಗಾಳಿಯ ಮಾಲಿನ್ಯ ಬರೀ ಪಟ್ಟಣದ ಸಮಸ್ಯೆ ಅಲ್ಲ, ಹಳ್ಳಿಯದ್ದೂ ಹೌದು ಅಂತ ತೋರಿಸಿದರು. ಉಪಗ್ರಹ ಮಾಡಬೇಕಾದ ಕೆಲಸ ಇದು: ಎಲ್ಲಿ ಯಂತ್ರ ಇಡಬೇಕು ಅಂತ ಬೊಟ್ಟು ಮಾಡಿ ತೋರಿಸೋದು. ಬೊಟ್ಟು ತೋರಿಸಿದ ಕಡೆ ಯಂತ್ರ ಇಡಬೇಕಾದವರು ಸರ್ಕಾರ. ಕೇಳಬೇಕಾದವರು ನಾವು.

ಹಾಗಾಗಿ ಮುಂದಿನ ಸಲ ಆ್ಯಪ್ ತೆರೆದಾಗ ಮೂರು ವಿಷಯ ನೋಡಿ. ಈ ಸಂಖ್ಯೆ ಯಂತ್ರದ್ದೋ ಅಂದಾಜೋ? ಯಂತ್ರದ್ದಾದರೆ ಅದು ಅಪ್ಪನ ಮನೆಯಿಂದ ಎಷ್ಟು ದೂರ? ಬಣ್ಣ ಯಾವ ದೇಶದ ಅಳತೆಯದ್ದು? ದಿನದ ಸರಾಸರಿ ಪಿಎಂ 2.5 ಘನ ಮೀಟರ್‌ಗೆ 25 ಮೈಕ್ರೋಗ್ರಾಂ ಇದ್ದರೆ ಭಾರತದ ಸೂಚ್ಯಂಕದಲ್ಲಿ ಹಸಿರು, ಅಮೆರಿಕದ್ದರಲ್ಲಿ ಹಳದಿ. ಗಾಳಿ ಅದೇ. ಉತ್ತರ ಸಿಗದಿದ್ದರೆ ಅಪ್ಪನಿಗೆ "ಗಾಳಿ ಚೆನ್ನಾಗಿದೆ" ಅನ್ನಬೇಡಿ. "ಗೊತ್ತಿಲ್ಲ ಅಪ್ಪ" ಅನ್ನಿ. "ಅಲ್ಲಿ ಹೇಗಿದೆ?" ಅಂತ ಕೇಳಿ.

ಸ್ಟುಟ್‌ಗಾರ್ಟ್‌ನಲ್ಲಿ 2015ರಲ್ಲಿ ಸಾಮಾನ್ಯ ಜನರೇ ಸಣ್ಣ ಸೆನ್ಸರ್‌ಗಳನ್ನು ಜೋಡಿಸಿ ಬಾಲ್ಕನಿಗಳಲ್ಲಿ ನೇತುಹಾಕೋಕೆ ಶುರುಮಾಡಿದರು. ಆ ಜಾಲ ಈಗ ಬೇರೆ ದೇಶಗಳಿಗೂ ಹಬ್ಬಿದೆ. ಅವು ಸರ್ಕಾರಿ ಯಂತ್ರದಷ್ಟು ನಿಖರ ಅಲ್ಲ. ತೇವ ಜಾಸ್ತಿಯಾದರೆ ಹೆಚ್ಚು ತೋರಿಸುತ್ತವೆ. ಈ ಡಿಸೆಂಬರ್‌ಗೆ ನಾನೂ ಒಂದನ್ನು ಒಯ್ಯುತ್ತಿದ್ದೇನೆ. ಮೊದಲು ಹತ್ತಿರದ ಸರ್ಕಾರಿ ಕೇಂದ್ರದ ಪಕ್ಕ ಕೆಲವು ದಿನ ಇಟ್ಟು ಹೋಲಿಸಿ, ಆಮೇಲೆ ನಮ್ಮ ಮನೆ ಜಗುಲಿಯಲ್ಲಿ. ಒಂದು ತಿಂಗಳ ಲೆಕ್ಕ ಕೈಗೆ ಬಂದ ಮೇಲೆ, ಊರಿಗೆ ಒಂದು ಸರಿಯಾದ ಯಂತ್ರ ಕೊಡಿ ಅಂತ ಅರ್ಜಿ. ಸಹಿ ಹಾಕೋರು ಅಪ್ಪ. ವಾಕಿಂಗ್ ಗೆಳೆಯರ ಸಹಿಯನ್ನೂ ಹಾಕಿಸ್ತೀನಿ ಅಂದಿದ್ದಾರೆ.