ಚಿಕ್ಕ ಹಡಗು, ದೊಡ್ಡ ಬಿಲ್ಲು

(1/5)
ಈ ವಾರ ನಮ್ಮ ಕ್ಲಾಸಿನ ಅರ್ಧ ಜನ ಒಂದೇ ಥರದ ರೀಲ್ ಸ್ಟೋರಿಗೆ ಹಾಕಿದ್ದೀರ. ಬಿಳಿ ಹಡಗು, ಬರೀ ನೂರಿನ್ನೂರು ಪ್ರಯಾಣಿಕರು. ಲಿಸ್ಬನ್‌ನಿಂದ ಹೊರಟು ಮದೈರಾ, ಕ್ಯಾನರಿ ದ್ವೀಪಗಳು, ಆಮೇಲೆ ಮೊರಾಕ್ಕೋದ ಅಗಾದಿರ್, ಕಾಸಾಬ್ಲಾಂಕಾ, ಟ್ಯಾಂಜಿಯರ್. ಮೇಲೆ ‘ಲೈಫ್ ಗೋಲ್ಸ್’ ಅಂತ ಬೇರೆ. ಕನಸಿಗೆ ಜಿಎಸ್‌ಟಿ ಇಲ್ಲ, ಧಾರಾಳವಾಗಿ ಕಾಣಿ. ನನ್ನ ತಕರಾರು ಅದರ ಜೊತೆ ಬರೋ ಒಂದು ಮಾತಿನ ಮೇಲೆ ಮಾತ್ರ: ‘ಇದು ದೊಡ್ಡ ಕ್ರೂಸ್ ಥರ ಅಲ್ಲ, ಚಿಕ್ಕದು, ಪರಿಸರಕ್ಕೂ ಒಳ್ಳೇದು, ಊರವರಿಗೂ ಒಳ್ಳೇದು.’ ಚಿಕ್ಕದಾದ ಮಾತ್ರಕ್ಕೆ ಒಳ್ಳೇದು ಹೇಗಾಗುತ್ತೆ? ಕಾಸ್ಟಿಂಗ್ ಪೇಪರ್ ಪಾಸಾದ ನಾವೂ ಇದನ್ನ ನಂಬಿಬಿಟ್ರೆ ಹೇಗೆ ಕಣ್ರೋ?

(2/5)
ಫಿಕ್ಸೆಡ್ ಕಾಸ್ಟ್ ನೆನಪಿದೆಯಲ್ಲ. ಹಡಗು ಅಂದ್ಮೇಲೆ ಎಂಜಿನ್, ಜನರೇಟರ್, ಹಗಲು ರಾತ್ರಿ ಎಸಿ, ಲಾಂಡ್ರಿ, ಅಡುಗೆಮನೆ, ಈಜುಕೊಳ ಎಲ್ಲ ಇರಲೇಬೇಕು. ಅದನ್ನ ಐದು ಸಾವಿರ ತಲೆ ಮೇಲೆ ಹಂಚಿದ್ರೆ ಒಂದು ಲೆಕ್ಕ, ಇನ್ನೂರು ತಲೆ ಮೇಲೆ ಹಂಚಿದ್ರೆ ಬೇರೆ ಲೆಕ್ಕ. ಐಷಾರಾಮಿ ಚಿಕ್ಕ ಹಡಗುಗಳಲ್ಲಿ ಹೆಚ್ಚುಕಮ್ಮಿ ಒಬ್ಬ ಪ್ರಯಾಣಿಕನಿಗೆ ಒಬ್ಬ ಕೆಲಸದವ. ಆ ಕೆಲಸದವನ ಊಟ, ಹಾಸಿಗೆ, ನೀರು ಕೂಡ ಅದೇ ಎಣ್ಣೆಯಲ್ಲೇ ಆಗಬೇಕು. ಅಂದ್ರೆ ಒಟ್ಟು ಹೊಗೆ ಕಮ್ಮಿ ಇರಬಹುದು, ತಲಾ ಹೊಗೆ ಜಾಸ್ತಿ. ಬ್ರೋಷರ್‌ನಲ್ಲಿ ಯಾವ ಅಂಕಿ ಹಾಕ್ತಾರೆ ಅಂತ ನಾನು ಹೇಳಬೇಕಾ?

ಇದಕ್ಕಿಂತ ಮಜಾ ಇನ್ನೊಂದಿದೆ. ಯುರೋಪಿಯನ್ ಯೂನಿಯನ್ 2024ರಿಂದ ಹಡಗಿನ ಹೊಗೆಗೂ ಕಾರ್ಬನ್ ದರ ವಿಧಿಸುತ್ತಿದೆ. ಆದರೆ ಅದು 5,000 ಗ್ರಾಸ್ ಟನೇಜ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳಿಗೆ ಮಾತ್ರ. ನೂರು ಜನರ ವಿಹಾರನೌಕೆ ಆ ಗೆರೆಯ ಕೆಳಗೆ ಆರಾಮಾಗಿ ತೂರಿಕೊಳ್ಳಬಹುದು. ಗೆರೆ ದಾಟಿದ್ದೇ ಆದ್ರೂ, ಯುರೋಪಿನ ಬಂದರಿನಿಂದ ಮೊರಾಕ್ಕೋದಂಥ ಹೊರಗಿನ ಬಂದರಿಗೆ ಹೋದ ಪ್ರಯಾಣದಲ್ಲಿ ಅರ್ಧ ಹೊಗೆಗಷ್ಟೇ ಲೆಕ್ಕ ಕೊಟ್ಟರೆ ಸಾಕು. ‘ಚಿಕ್ಕದು’ ಅನ್ನೋ ಪದದ ಬೆಲೆ ಈಗ ಗೊತ್ತಾಯ್ತಾ?

ಮೇಲೆ ಹಾರೋ ಬಾವುಟನೂ ಒಮ್ಮೆ ನೋಡಿ, ಎಷ್ಟೋ ಸಲ ಅದು ಬಹಾಮಾಸ್‌ದು ಅಥವಾ ಮಾಲ್ಟಾದ್ದು. ಐಷಾರಾಮಿ ಹಡಗುಗಳ ಸಿಲ್ವರ್‌ಸೀ ಕಂಪನಿಯ ಒಡೆಯರು ರಾಯಲ್ ಕೆರಿಬಿಯನ್ ಗ್ರೂಪ್. ಕಚೇರಿ ಮಯಾಮಿಯಲ್ಲಿ, ಕಂಪನಿ ನೋಂದಣಿ ಲೈಬೀರಿಯಾದಲ್ಲಿ. ಎಲ್ಲ ಕಾನೂನುಬದ್ಧವೇ, ನಾನು ಕಳ್ಳತನ ಅಂತಿಲ್ಲ. ಕಾರ್ಪೊರೇಟ್ ಟ್ಯಾಕ್ಸ್ ಕ್ಲಾಸಲ್ಲಿ ನಿದ್ದೆ ಮಾಡಿದವರಿಗೆ ಇದೇ ಉದಾಹರಣೆ ಸಾಕು.

(3/5)
ಊರವರಿಗೆ ಒಳ್ಳೇದು ಅಂದ್ರಲ್ಲ, ಅದನ್ನೂ ನೋಡೋಣ. ಒಂದು ಮಾತು ಒಪ್ತೀನಿ: ಚಿಕ್ಕ ಬಂದರಿಗೆ ಒಂದೇ ಸಲ ಐದು ಸಾವಿರ ಜನ ಇಳಿದ್ರೆ ಆಗೋ ರಗಳೆ ಇಲ್ಲಿಲ್ಲ. ಆದರೆ ಊಟ, ಕುಡಿತ, ಮಲಗೋದು ಎಲ್ಲ ಹಡಗಲ್ಲೇ, ಮುಂಚೆನೇ ದುಡ್ಡು ಕಟ್ಟಿ ಆಗಿದೆ. ಬೆಳಿಗ್ಗೆ ಕಾಸಾಬ್ಲಾಂಕಾದಲ್ಲಿ ಇಳಿದು ‘ಮರ್ರಾಕೆಶ್ ನೋಡ್ಕೊಂಡು ಬನ್ನಿ’ ಅಂತಾರೆ. ಅದು ಒಂದು ಕಡೆಗೇ ಸುಮಾರು 240 ಕಿ.ಮೀ. ಬಸ್ಸಲ್ಲೇ ಆರು ತಾಸು ಹೋಯ್ತು. ಉಳಿದ ಮೂರ್ನಾಲ್ಕು ತಾಸಲ್ಲಿ ಒಂದು ಊಟ, ಒಂದು ಚಪ್ಪಲಿ ಖರೀದಿ, ನಲವತ್ತು ಫೋಟೋ. ಸಂಜೆ ಹಡಗಿನ ಡಿನ್ನರ್‌ಗೆ ವಾಪಸ್. ಮರ್ರಾಕೆಶ್‌ನ ಚಿಕ್ಕ ಹೋಟೆಲಿನವನಿಗೆ ಇದರಲ್ಲಿ ಬಂದದ್ದೆಷ್ಟು?

ಕ್ಯಾನರಿಯಲ್ಲಿ ಇರೋದು ಸುಮಾರು 22 ಲಕ್ಷ ಜನ. 2024ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗರು ಒಂದೂವರೆ ಕೋಟಿಗೂ ಹೆಚ್ಚು. ಅದೇ ವರ್ಷ ಏಪ್ರಿಲ್ 20ಕ್ಕೆ ಸಾವಿರಾರು ಜನ ‘ಕ್ಯಾನರಿಗೂ ಒಂದು ಮಿತಿ ಇದೆ’ ಅಂತ ಬೀದಿಗಿಳಿದ್ರು. ಅವರು ಬಾಡಿಗೆ ಮನೆ ಸಿಗದವರು. ಅವರ ಸಿಟ್ಟು ಬರೀ ಕ್ರೂಸ್ ಮೇಲಲ್ಲ, ನಿಜ. ಆದ್ರೆ ‘ನಾವು ಬಂದ್ರೆ ನಿಮಗೇ ಲಾಭ’ ಅಂತ ಅವರ ಮುಂದೆ ನಿಂತು ಹೇಳಿ ನೋಡೋಣ.

(4/5)
ಇಷ್ಟಾದ್ರೂ ನನ್ನ ಹೊಟ್ಟೆ ಉರಿಸಿದ್ದು ಬೇರೆ. ಅದೇ ಸಮುದ್ರದಲ್ಲಿ ಇನ್ನೊಂದು ಥರದ ಚಿಕ್ಕ ದೋಣಿ ಬರುತ್ತೆ. ಕಯುಕೋ ಅಂತಾರೆ, ಉದ್ದದ ಮರದ ಮೀನುಗಾರಿಕೆ ದೋಣಿ. ಸೆನೆಗಲ್, ಮಾರಿಟೇನಿಯಾ ಕಡೆಯಿಂದ, ತೆರೆದ ಅಟ್ಲಾಂಟಿಕ್‌ನಲ್ಲಿ, ದಿನಗಟ್ಟಲೆ. 2024 ಒಂದೇ ವರ್ಷದಲ್ಲಿ 46 ಸಾವಿರಕ್ಕೂ ಹೆಚ್ಚು ಜನ ಹೀಗೆ ಕ್ಯಾನರಿ ಮುಟ್ಟಿದ್ರು. ಎಲ್ ಹಿಯೆರೊ ಅನ್ನೋ ಪುಟ್ಟ ದ್ವೀಪದಲ್ಲಿ ಇರೋದೇ ಸುಮಾರು 11 ಸಾವಿರ ಜನ. ಆ ವರ್ಷ ಅಲ್ಲಿ ಇಳಿದವರ ಸಂಖ್ಯೆ ಅದಕ್ಕಿಂತ ಜಾಸ್ತಿ. ದಡ ಮುಟ್ಟದೆ ಹೋದವರು ಸಾವಿರಾರು, ಅವರಲ್ಲಿ ಎಷ್ಟೋ ಜನರ ಹೆಸರೂ ಯಾರಿಗೂ ಗೊತ್ತಿಲ್ಲ.

ಬ್ರಿಟನ್, ಅಮೆರಿಕದ ಪಾಸ್‌ಪೋರ್ಟ್ ಇದ್ದವನು ಟ್ಯಾಂಜಿಯರ್‌ನಲ್ಲಿ ವೀಸಾ ಇಲ್ಲದೆ ಇಳಿದು ಪುದೀನ ಚಹಾ ಕುಡಿದು ಹೋಗ್ತಾನೆ. ಆ ಚಹಾ ತಂದುಕೊಟ್ಟ ಹುಡುಗನಿಗೆ ಆಚೆ ದಡದ ಸ್ಪೇನ್ ಕಣ್ಣಿಗೇ ಕಾಣುತ್ತೆ. ಜಲಸಂಧಿ ಅತಿ ಕಿರಿದಾದ ಕಡೆ ಸುಮಾರು 14 ಕಿ.ಮೀ. ಅಷ್ಟೇ. ಅವನು ಷೆಂಗೆನ್ ವೀಸಾಗೆ ಅರ್ಜಿ ಹಾಕಿ ಕಾಯಬೇಕು. ನಮ್ಮ ಪಾಸ್‌ಪೋರ್ಟ್ ಕೂಡ ಆ ಹುಡುಗನ ಸಾಲಿನದ್ದೇ ಅನ್ನೋದನ್ನ ‘ಗೋಲ್ಸ್’ ಹಾಕುವಾಗ ಮರೀಬೇಡಿ. ಈ ರೂಟ್‌ನಲ್ಲಿ ಮೊರಾಕ್ಕೋಗೆ ಹೋಗಿ ಮತ್ತೆ ಸ್ಪೇನ್‌ಗೆ ಬರಬೇಕಂದ್ರೆ ನಮಗೆ ಮಲ್ಟಿಪಲ್ ಎಂಟ್ರಿ ಷೆಂಗೆನ್ ಬೇಕು, ಮೊರಾಕ್ಕೋದ್ದು ಬೇರೆ.

‘ನಿಂಗೆ ಹೊಟ್ಟೆಕಿಚ್ಚು’ ಅಂತ ಕಾಮೆಂಟ್ ಹಾಕೋರು ಹಾಕಿ, ಓದ್ತೀನಿ. ಹೋಗಲೇಬೇಡಿ ಅಂತ ನಾನು ಹೇಳ್ತಾ ಇಲ್ಲ. ಸ್ಪೇನ್‌ನ ತರಿಫಾದಿಂದ ಟ್ಯಾಂಜಿಯರ್‌ಗೆ ಒಂದು ತಾಸಿನ ಫೆರ್ರಿ ಇದೆ, ಅಲ್ಲಿಯವರೇ ಓಡಾಡೋದು. ಟ್ಯಾಂಜಿಯರ್‌ನಿಂದ ಕಾಸಾಬ್ಲಾಂಕಾಗೆ 2018ರಿಂದ ಹೈಸ್ಪೀಡ್ ರೈಲಿದೆ, ಎರಡು ತಾಸು ಚಿಲ್ಲರೆ. ಅದರಲ್ಲಿ ಹೋಗಿ, ಊರಲ್ಲೇ ಮಲಗಿ, ಊರಲ್ಲೇ ಉಣ್ಣಿ.

(5/5)
ಕೊನೇ ಮಾತು, ನಿಜವಾಗಿ ಆ ಹಡಗು ಹತ್ತೋರಿಗೆ. ನಮ್ಮ ಕರಾವಳಿ ಹುಡುಗ ಹುಡುಗಿಯರು ಕ್ರೂಸ್‌ನಲ್ಲಿ ಇರೋದು ಸೂಟ್‌ನಲ್ಲಲ್ಲ, ನೀರಿನ ಮಟ್ಟದ ಕ್ಯಾಬಿನ್‌ನಲ್ಲಿ. ಮನೆ ಕಟ್ಟಿಸಿದ್ದಾರೆ, ತಂಗಿ ಮದುವೆ ಮಾಡಿದ್ದಾರೆ, ಅವರ ದುಡಿಮೆಗೆ ನನ್ನ ಕೈ ಮುಗಿದಿದೆ. ಆದ್ರೆ ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್ ಪ್ರಕಾರವೇ ವಾರಕ್ಕೆ 72 ತಾಸಿನವರೆಗೆ ದುಡಿಸಬಹುದು. ಅದು ಓದಿ ಸಹಿ ಹಾಕಿ. ಅದೇ ಕನ್ವೆನ್ಷನ್‌ನಲ್ಲಿ ಇನ್ನೊಂದು ಮಾತೂ ಇದೆ: ಕೆಲಸ ಕೊಡಿಸೋಕೆ ಏಜೆಂಟ್ ನಿಮ್ಮಿಂದ ದುಡ್ಡು ತಗೊಳ್ಳೋ ಹಾಗಿಲ್ಲ. ಭಾರತ 2015ರಲ್ಲೇ ಇದನ್ನ ಒಪ್ಪಿದೆ. ಮೆಡಿಕಲ್, ಪಾಸ್‌ಪೋರ್ಟ್, ಸಿಡಿಸಿ ಖರ್ಚು ನಿಮ್ಮದು, ‘ಸರ್ವಿಸ್ ಚಾರ್ಜ್’ ಅಂತ ಕೇಳೋ ಲಕ್ಷ ನಿಮ್ಮದಲ್ಲ. ಡಿಜಿ ಶಿಪ್ಪಿಂಗ್ ಕೊಟ್ಟ ಆರ್‌ಪಿಎಸ್‌ಎಲ್ ಲೈಸೆನ್ಸ್ ನಂಬರ್ ಕೇಳಿ, ಅವರ ವೆಬ್‌ಸೈಟಲ್ಲಿ ಹುಡುಕಿ ನೋಡಿ. ಸಿಗಲಿಲ್ವಾ, ಅಪ್ಪ ಜೊತೆಗೆ ಬಂದು ಚೆಕ್ ಬುಕ್ ತೆಗೆದಿದ್ರೂ ಸರಿ, ಎದ್ದು ಬನ್ನಿ.