ದೇವರ ಕೆಲಸವಲ್ಲ, ಜನರ ಕೆಲಸ

ವಿಧಾನಸೌಧ ಚೆಂದವಾಗಿದೆ. ಅದನ್ನು ಯಾರೂ ಇಲ್ಲ ಅನ್ನುವುದಿಲ್ಲ. ಬೆಂಗಳೂರಿಗೆ ಬಂದ ನಮ್ಮ ಕೇರಿಯವರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆದರೆ ಬಂಧುಗಳೇ, ಕಲ್ಲು ಕೂಡ ಮಾತಾಡುತ್ತದೆ. ಅದು ಏನು ಹೇಳ್ತಾ ಇದೆ, ಯಾರಿಗೆ ಹೇಳ್ತಾ ಇದೆ ಅಂತ ನಾವು ಕೇಳಬೇಕು.

ಎದುರಿಗೆ ಅಠಾರಾ ಕಚೇರಿಯ ಕೆಂಪು ಕಟ್ಟಡ ಇದೆ. 1868ರಲ್ಲಿ ಮುಗಿದದ್ದು. ಹದಿನೆಂಟು ಇಲಾಖೆ ಕೂತಿದ್ದರಿಂದ ಆ ಹೆಸರು. ಈಗ ಹೈಕೋರ್ಟು. ಅದರ ಕಂಬಗಳು ಗ್ರೀಕರ ಮಾದರಿ. ವಿದೇಶದ ಮಾದರಿ ಬೇಡ, ನಮ್ಮ ನೆಲದ ಶಿಲ್ಪ ಇರಲಿ ಅಂತ ಹಠ ಹಿಡಿದವರು ಕೆಂಗಲ್ ಹನುಮಂತಯ್ಯ. ವಿಧಾನಸೌಧಕ್ಕೆ ನೆಹರೂ ಶಂಕುಸ್ಥಾಪನೆ ಮಾಡಿದ್ದು 1951ರ ಜುಲೈ 13ರಂದು. ಮರುವರ್ಷ ಮುಖ್ಯಮಂತ್ರಿಯಾದ ಹನುಮಂತಯ್ಯ ಹಳೆಯ ನಕ್ಷೆ ಬದಲಾಯಿಸಿದರು. 1956ಕ್ಕೆ ಕಟ್ಟಡ ಎದ್ದಿತು. ಆ ಛಲ ಸಣ್ಣದಲ್ಲ.

ಆದರೆ 'ನಮ್ಮದು' ಅಂತ ಆರಿಸಿಕೊಂಡದ್ದು ಏನನ್ನು? ಗುಡಿಯನ್ನು. ದ್ರಾವಿಡ ದೇಗುಲದ ಕಂಬ, ಬೋದಿಗೆ, ಕೆತ್ತನೆ. ಮುಂದೆ 40 ಅಡಿ ಎತ್ತರದ 12 ಕಂಬ. ಹತ್ತೋಕೆ 45 ಮೆಟ್ಟಿಲು. ಮೇಲೆ 60 ಅಡಿ ಅಗಲದ ಗುಮ್ಮಟ, ಅದರ ತಲೆಯ ಮೇಲೆ ಸಿಂಹಗಳು. ಸಂಪುಟದ ಕೋಣೆಗೆ ಗಂಧದ ಬಾಗಿಲು. ಹಣೆಯಲ್ಲಿ ಬರಹ: ಸರ್ಕಾರದ ಕೆಲಸ ದೇವರ ಕೆಲಸ.

ಗುಡಿ ಅಂದರೆ ಕೆಲವರಿಗೆ ಗಂಟೆ, ಆರತಿ, ಪ್ರಸಾದ. ನಮಗೆ ಹೊರಗೆ ನಿಲ್ಲುವ ಜಾಗ. ಮೈಸೂರು ಸಂಸ್ಥಾನದಲ್ಲಿ ದೇವಸ್ಥಾನ ಪ್ರವೇಶದ ಕಾನೂನು ಬಂದದ್ದೇ 1948ರಲ್ಲಿ. ಆ ಕಾನೂನಿನ ಮಸಿ ಆರುವ ಮೊದಲೇ ಸರ್ಕಾರಿ ಕಚೇರಿಗೂ ಗುಡಿಯ ಆಕಾರ ಕೊಟ್ಟರು.

ಇನ್ನೊಂದು ಸಂಗತಿ ನೆನಪಿಡಿ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ, ಪೀಠಿಕೆ ದೇವರ ಹೆಸರಿನಿಂದ ಶುರುವಾಗಲಿ ಅಂತ ಎಚ್.ವಿ. ಕಾಮತ್ ತಿದ್ದುಪಡಿ ತಂದರು. ಪರವಾಗಿ 41 ಮತ, ವಿರುದ್ಧ 68. ತಿದ್ದುಪಡಿ ಬಿದ್ದುಹೋಯಿತು. ಸಂವಿಧಾನ ಜನರ ಹೆಸರಿನಿಂದಲೇ ಶುರುವಾಯಿತು. ದಿಲ್ಲಿಯಲ್ಲಿ ಮತ ಹಾಕಿ ಬೇಡ ಅಂದ ದೇವರನ್ನು ಬೆಂಗಳೂರಲ್ಲಿ ಕಲ್ಲಿನಲ್ಲಿ ಕೆತ್ತಿ ಕೂರಿಸಿದರು.

ನೌಕರರು ಭಕ್ತಿಯಿಂದ ದುಡಿಯಲಿ ಅಂತ ಆ ಬರಹದ ಅರ್ಥ ಅನ್ನುವವರಿದ್ದಾರೆ. ಇರಲಿ. ಆದರೆ ಕೆಲಸ ದೇವರದಾದರೆ ಮಂತ್ರಿ ದೇವರು, ಗುಮಾಸ್ತ ಪೂಜಾರಿ, ಅರ್ಜಿ ಹಿಡಿದವನು ಭಕ್ತ. ಭಕ್ತ ಲೆಕ್ಕ ಕೇಳೋದಿಲ್ಲ, ಬೇಡಿಕೊಳ್ತಾನೆ. ಕೊಟ್ಟರೆ ವರ, ಕೊಡದಿದ್ದರೆ ಹಣೆಬರಹ. ಜಮೀನಿನ ಹಕ್ಕುಪತ್ರ, ಹುಡುಗರ ವಿದ್ಯಾರ್ಥಿವೇತನ, ಮುದುಕಿಯ ಪಿಂಚಣಿ ಇವು ಯಾವ ದೇವರ ವರ? ಆ 45 ಮೆಟ್ಟಿಲು ಸಮಾರಂಭಕ್ಕೆ. ಅರ್ಜಿ ತಂದವರಿಗೆ ಪಾಸು, ಪಕ್ಕದ ಗೇಟು.

ಕಟ್ಟಿದ ಕೈಗಳು ಯಾರವು? 5,000ಕ್ಕೂ ಹೆಚ್ಚು ಕೂಲಿಯಾಳುಗಳು, ಅವರಲ್ಲಿ ಬಹಳ ಮಂದಿ ಜೈಲಿನ ಕೈದಿಗಳು. ಜೊತೆಗೆ 1,500 ಮಂದಿ ಕಲ್ಲುಕುಟಿಗರು, ಗಾರೆಯವರು, ಮರಗೆಲಸದವರು. ಕಟ್ಟಿಸಿದವರ ಹೆಸರು ಎಲ್ಲರ ಬಾಯಲ್ಲಿದೆ. ಕಟ್ಟಿದವರಲ್ಲಿ ಒಬ್ಬರ ಹೆಸರಾದರೂ ನಮ್ಮ ಮಕ್ಕಳಿಗೆ ಗೊತ್ತಾ?

ಇದು ಹಳೇ ಕಥೆ ಅನ್ನಬೇಡಿ. 2005ರಲ್ಲಿ ಪಕ್ಕದಲ್ಲೇ ಅದೇ ಅಚ್ಚಿನ ವಿಕಾಸಸೌಧ ಎದ್ದಿತು. 2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ. ತಾಲ್ಲೂಕು ಕಚೇರಿಗಳನ್ನೂ ಜನ ಮಿನಿ ವಿಧಾನಸೌಧ ಅಂತಲೇ ಕರೆದರು. ಸೌಧ ತಾಲ್ಲೂಕಿಗೆ ಬಂತು. ಕಿಟಕಿಯ ಆಚೆ ಕೂತವರು ಹತ್ತಿರ ಬಂದರಾ?

ಕಟ್ಟಡ ಕೆಡವಿ ಅಂತ ನಾವು ಹೇಳುವುದಿಲ್ಲ. ಅದರಲ್ಲಿ ನಮ್ಮ ಬೆವರಿದೆ. ಇನ್ನು ಮುಂದೆ ಕಟ್ಟುವ ಕಚೇರಿ ಹೇಗಿರಬೇಕು ಅನ್ನೋದು ನಮ್ಮ ಮಾತು. ಗುಮ್ಮಟ ಇಲ್ಲದಿದ್ದರೂ ನಡೆಯುತ್ತೆ. ಬಾಗಿಲು ನೆಲಮಟ್ಟದಲ್ಲಿರಲಿ, ಕಾಲಿಲ್ಲದವರೂ ಒಳಗೆ ಬರಲಿ. ಕೂರೋಕೆ ಬೆಂಚು, ಕುಡಿಯೋಕೆ ನೀರು, ನೆರಳು ಇರಲಿ. ಓದು ಬಾರದವರಿಗೆ ಅರ್ಜಿ ಬರೆದುಕೊಡುವವರು ಬಾಗಿಲಲ್ಲೇ ಇರಲಿ. ಇದೂ ಶಿಲ್ಪವೇ. ಹಣೆಯ ಮೇಲೆ ಬರೆಯಲೇಬೇಕು ಅಂದರೆ 'ಸರ್ಕಾರದ ಕೆಲಸ ಜನರ ಕೆಲಸ' ಅಂತ ಬರೆಯಲಿ.

ಅಲ್ಲಿಯವರೆಗೆ ಆ ಕಂಬಗಳ ಮುಂದೆ ಕೈ ಮುಗಿಯಬೇಡಿ. ಅರ್ಜಿ ಕೊಡಿ, ಹಿಂಬರಹ ಕೇಳಿ.